ಡ್ರೋನ್ ಅಂತ ಬರೆದುಕೊಡಿ

"ಡ್ರೋನ್" ಎಂದು ಒಂದು ಮಾತು ಅಂದಿದ್ದರೆ ಅವತ್ತು ನನಗೆ ಶಾಬಾಷ್‌ಗಿರಿ ಸಿಗುತ್ತಿತ್ತು. ಕಂಡದ್ದು ಡ್ರೋನ್ ಆಗಿರಲಿಲ್ಲ, ಹಾಗಾಗಿ ಅನ್ನಲಿಲ್ಲ. ಅಷ್ಟಕ್ಕೇ ನನ್ನ ಬಾಯಿ ಮೂಸಿ ನೋಡಿದರು, ರಕ್ತ ತೆಗೆದರು, ಸೊಂಟದ ಪಿಸ್ತೂಲು ಇಸಿದುಕೊಂಡರು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ನಾನು ಪೊಲೀಸ್ ಸಬ್ ಇನ್ಸ್‌ಪೆಕ್ಟರ್. ಡೊಂಬಿವಲಿ ಮತ್ತು ಶೀಳಫಾಟಾ ನಡುವಿನ ಒಂದು ಠಾಣೆಯಲ್ಲಿ ಕೆಲಸ, ಮನೆ ಕಲ್ಯಾಣ ಪೂರ್ವದಲ್ಲಿ. ಹಿರಿಯರು ವಿಜಯಪುರದ ಕಡೆಯವರು. ಆಕಾಶದ ಸಂಗತಿಗೆ ಬರುವ ಮೊದಲು ನೆಲದ ಮೇಲಿನ ಒಂದು ಸಾವಿನ ಸಂಗತಿ ಹೇಳಬೇಕು, ಯಾಕೆಂದರೆ ಇಡೀ ಜಗಳ ಅದರದ್ದೇ.

ಆ ವರ್ಷದ ಮಳೆಗಾಲಕ್ಕೆ ಮೊದಲು, ಒಂದು ದಿನ ಬೆಳಗು ಹರಿಯುವ ಹೊತ್ತಿಗೆ ಶೀಳ ರಸ್ತೆಯಲ್ಲಿ ನಾಕಾಬಂದಿ ಹಾಕಿದ್ದೆ. ಹೋಟೆಲ್ ಬಾಗಿಲು ತೆಗೆಯಲು ಸೈಕಲ್ ಮೇಲೆ ಹೊರಟಿದ್ದ ಕುಂದಾಪುರ ಕಡೆಯ ಒಬ್ಬ ಅಡುಗೆಯವನಿಗೆ ನಮ್ಮ ಬ್ಯಾರಿಕೇಡ್‌ನ ಆಚೆ ಒಂದು ದೊಡ್ಡ ಕಾರು ಗುದ್ದಿತು. ಜೊತೆಯಲ್ಲಿದ್ದ ಇಬ್ಬರು ಹೋಮ್‌ಗಾರ್ಡ್‌ಗಳು ಬಿದ್ದವನತ್ತ ಓಡಿದರು, ನಾನು ಕಾರಿನತ್ತ ಓಡಿದೆ. ಸ್ಟೇರಿಂಗ್ ಕಡೆಯ ಬಾಗಿಲು ತೆಗೆದು ಒಬ್ಬ ಹುಡುಗ ಇಳಿದ. ಹಿಂದಿನ ಸೀಟಿನಿಂದ ಸಂಬಳದ ಡ್ರೈವರ್ ಇಳಿದು, ಸುತ್ತಿ ಬಂದು, ಆ ಜಾಗದಲ್ಲಿ ಕೂತ. ನಾನು ಹೋಗಿ ಕಿಟಕಿ ಬಡಿಯುವಷ್ಟರಲ್ಲಿ ಡ್ರೈವರ್, "ನಾನೇ ಓಡಿಸುತ್ತಿದ್ದೆ" ಎಂದು ಅಳತೊಡಗಿದ್ದ. ಹುಡುಗ ಒಬ್ಬ ಬಿಲ್ಡರ್‌ನ ಮಗ. ಆ ತಿರುವಿಗೆ ಕ್ಯಾಮೆರಾ ಇರಲಿಲ್ಲ. ಸೀಟು ಬದಲಾದದ್ದನ್ನು ಕಂಡ ಕಣ್ಣು ಊರಿನಲ್ಲೆಲ್ಲ ನನ್ನದೊಂದೇ.

ಅಡುಗೆಯವನು ಆಸ್ಪತ್ರೆ ತಲುಪಲಿಲ್ಲ. ಹುಡುಗನ ಮೇಲೆ ಕೇಸು ನಿಂತದ್ದು ನನ್ನ ಹೇಳಿಕೆಯ ಮೇಲೆ. ನನ್ನ ಕಣ್ಣನ್ನು ಕೋರ್ಟು ನಂಬಿದರೆ ಕೊಂದವನಿಗೆ ಶಿಕ್ಷೆ, ನಂಬದಿದ್ದರೆ ಆ ಬಡಪಾಯಿ ಡ್ರೈವರ್‌ಗೆ.

ಮಳೆ ನಿಂತ ಮೇಲೆ ಆ ಇನ್ನೊಂದು ಸಂಗತಿ ನಡೆಯಿತು. ಆಗ ಡ್ರೋನ್ ನಿಷೇಧದ ಆದೇಶ ಜಾರಿಯಲ್ಲಿತ್ತು. ಪರವಾನಗಿ ಇಲ್ಲದ ಏನೇ ಹಾರಾಡಿದರೂ ಕಂಡ ಕೂಡಲೇ ವೈರ್‌ಲೆಸ್‌ನಲ್ಲಿ ಕಂಟ್ರೋಲ್‌ಗೆ ತಿಳಿಸಬೇಕು ಎಂದು ದಿನಾ ಹಾಜರಿಯಲ್ಲಿ ಓದಿ ಹೇಳುತ್ತಿದ್ದರು. ಅಂದು ಸಂಜೆ ನಾನೂ ನಮ್ಮ ಗಾಡಿಯ ಡ್ರೈವರ್ ಹವಾಲ್ದಾರರೂ ಶೀಳಫಾಟಾದಿಂದ ಮಹಾಪೆಗೆ ಹೋಗುವ ಏರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಮುಂದೆ ಒಂದು ಕಂಟೇನರ್ ಕೆಟ್ಟು ನಿಂತಿತ್ತು. ಡ್ರೈವರ್ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ನಾನು ಅವರನ್ನು ಕಾಕಾ ಅನ್ನುತ್ತೇನೆ. ಹೊತ್ತು ಮುಳುಗಿತ್ತು, ಆದರೆ ಆಕಾಶ ಇನ್ನೂ ಬೆಳ್ಳಗಿತ್ತು.

ಮೊದಲು ಕಂಡವರು ಕಾಕಾ. ಈ ಮಾತನ್ನು ದಯವಿಟ್ಟು ನೆನಪಿಡಿ.

"ಮ್ಯಾಡಮ್, ಮ್ಯಾಲ ನೋಡ್ರಿ. ಟವರ್ ಮ್ಯಾಲ. ಏನ್ರಿ ಅದು?"

ಗುಡ್ಡದ ಮೇಲೆ ಹೈಟೆನ್ಷನ್ ಲೈನಿನ ಟವರ್ ಇದೆ. ಅದರ ನೆತ್ತಿಯ ಮೇಲೆ ಹಳೇ ಅಲ್ಯೂಮಿನಿಯಂ ಪಾತ್ರೆಯ ಬಣ್ಣದ ಒಂದು ಉದ್ದನೆಯ ವಸ್ತು ನಿಂತಿತ್ತು. ಟವರ್‌ನ ತೋಳಿಗೆ ಹೋಲಿಸಿದರೆ ಹೆಚ್ಚುಕಡಿಮೆ ಒಂದು ಬಸ್ಸಿನಷ್ಟು. ರೆಕ್ಕೆ ಇಲ್ಲ, ದೀಪ ಇಲ್ಲ, ಸದ್ದಿಲ್ಲ. ಮದುವೆಮನೆಗಳಲ್ಲಿ ಎಷ್ಟೋ ಡ್ರೋನ್ ಹಿಡಿದು ಜಪ್ತಿ ಮಾಡಿದ್ದೇನೆ, ಅದರ ಗುಂಯ್ ಸದ್ದು ನನಗೆ ಚೆನ್ನಾಗಿ ಗೊತ್ತು. ಗಾಳಿ ಜೋರಾಗಿ ಬೀಸುತ್ತಿತ್ತು, ಅದು ಮಾತ್ರ ಅಲ್ಲಾಡಲಿಲ್ಲ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಕಡೆ ಮರಳುತ್ತಿದ್ದ ಬೆಳ್ಳಕ್ಕಿಗಳು ಅದನ್ನು ಬಳಸಿಕೊಂಡು ಹೋದವು. ಫೋನ್ ತೆಗೆದು ಫೋಟೋ ಹೊಡೆದೆ. ಟವರ್ ಚೆನ್ನಾಗಿ ಬಂತು, ಅದರ ಮೇಲೆ ಸಾಸಿವೆ ಕಾಳಿನಷ್ಟು ಒಂದು ಕಲೆ ಬಂತು.

"ಇಮಾನ ಅಲ್ಲ, ಹೆಲಿಕಾಪ್ಟರ್ ಅಲ್ಲ. ಯಪ್ಪಾ, ಸಪ್ಪಳನಽ ಇಲ್ಲಲ್ರಿ!" ಎಂದರು ಕಾಕಾ.

ನಾನು ಮೈಕ್ ಎತ್ತಿಕೊಂಡು ಜಾಗ, ಆಕಾರ, ದಿಕ್ಕು ಎಲ್ಲ ಹೇಳಿದೆ. ಕಂಟ್ರೋಲ್‌ನ ಆಪರೇಟರ್ ಮರಾಠಿಯಲ್ಲಿ, "ಡ್ರೋನ್ ಆಹೇ ಕಾ?" ಎಂದು ಕೇಳಿದ. "ಡ್ರೋನ್ ನಾಹೀ" ಎಂದೆ. "ಮಗ್ ಕಾಯ್?" ಹಾಗಾದರೆ ಏನು? "ಗೊತ್ತಿಲ್ಲ. ಗುರುತು ಸಿಗದ ವಸ್ತು." ಆಮೇಲೆ ಯಾವುದೋ ಬೇರೆ ಗಾಡಿಯವನು ಬಟನ್ ಒತ್ತಿ, "ಉಡತಿ ತಬಕಡಿ!" ಎಂದ. ಹಾರುವ ತಟ್ಟೆ ಎಂದರ್ಥ. ನಮ್ಮ ವೈರ್‌ಲೆಸ್ ಎಂದರೆ ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಕೇಳುತ್ತದೆ. ಒಂದಾದ ಮೇಲೊಂದು ಗಾಡಿಯಿಂದ ನಗು ಬಂತು. ನಾನು ಮೈಕ್ ಹಿಡಿದುಕೊಂಡು ನೋಡುತ್ತಿರುವಾಗಲೇ ಆ ವಸ್ತು ಗಾಳಿಗೆ ಎದುರಾಗಿ ಪಕ್ಕಕ್ಕೆ ಸರಿದು, ಗುಡ್ಡದ ಆಚೆ ಹೋಯಿತು.

ಬೇರೆ ಲೋಕದಿಂದ ಯಾರೋ ಬಂದರು ಎಂದು ನಾನು ಅವತ್ತೂ ಅಂದಿಲ್ಲ, ಇವತ್ತೂ ಅನ್ನುವುದಿಲ್ಲ. ಕೆಳಗೆ ಕರೆಂಟಿನ ಲೈನು, ಪಕ್ಕದಲ್ಲಿ ಕಾರ್ಖಾನೆಗಳು. ಏನೋ ಒಂದು ಅಲ್ಲಿ ನಿಂತಿದೆ, ನೋಡಿ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ನೋಡಲು ಒಂದು ಹುಳ ಕೂಡ ಹೊರಡಲಿಲ್ಲ.

ಠಾಣೆಗೆ ಮರಳುವಷ್ಟರಲ್ಲಿ ಆದೇಶ ಬಂದಿತ್ತು: ಮ್ಯಾಡಮ್‌ಗೆ ಮೆಡಿಕಲ್ ಮಾಡಿಸಿ. ಮೆಡಿಕಲ್ ಎಂದರೆ ಕುಡಿದಿದ್ದಾಳೋ ಎಂಬ ಪರೀಕ್ಷೆ. ಅದಕ್ಕೂ ಒಂದು ಕ್ರಮವಿದೆ. ಪರೀಕ್ಷೆಗೆ ಹೋಗುವವರು ಗಾಡಿ ಓಡಿಸುವಂತಿಲ್ಲ, ಒಬ್ಬರೇ ಹೋಗುವಂತಿಲ್ಲ. ನನ್ನ ಕೈಕೆಳಗಿನ ಇಬ್ಬರು ಕಾನ್‌ಸ್ಟೇಬಲ್‌ಗಳು ನನ್ನನ್ನು ಸಿವಿಲ್ ಆಸ್ಪತ್ರೆಗೆ ಕರೆದೊಯ್ದರು. ರಸ್ತೆಯಲ್ಲಿ ಹೊಡೆದಾಡಿಕೊಂಡು ಸಿಕ್ಕಿಬಿದ್ದ ಕುಡುಕರ ಬೆಂಚಿನಲ್ಲಿ ಯೂನಿಫಾರ್ಮಿನಲ್ಲೇ ಕೂರಿಸಿದರು. ನಳಿಗೆಯಲ್ಲಿ ಊದಿಸಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಗೆರೆಯ ಮೇಲೆ ನಡೆಸಿದರು, ರಕ್ತ ತೆಗೆದು ಸೀಸೆಗೆ ಅರಗು ಹಚ್ಚಿದರು. ನಮ್ಮ ಮನೆಯಲ್ಲಿ ಕೆಮ್ಮಿನ ಔಷಧ ಬಿಟ್ಟರೆ ಬೇರೆ ಬಾಟಲಿ ಕಂಡವರಿಲ್ಲ. "ಸಾರಿ ಮ್ಯಾಡಮ್" ಎಂದು ಆ ಡಾಕ್ಟರ್ ಹುಡುಗಿ ಎರಡು ಸಲ ಅಂದಳು. ಇಡೀ ಪ್ರಕರಣದಲ್ಲಿ ಆ ಮಾತು ಅಂದದ್ದು ಅವಳೊಬ್ಬಳೇ.

ವರದಿ ಶುದ್ಧವಾಗಿತ್ತು. ಆದರೇನು, ಕುಡಿದಿಲ್ಲ ಎಂದ ಮೇಲೆ ತಲೆ ಕೆಟ್ಟಿರಬೇಕು ಎಂದಾಯಿತು. ಮರುದಿನ ಪಿಸ್ತೂಲು ಜಮಾ ಮಾಡಿಸಿದರು. ಗುಂಡುಗಳನ್ನು ಎಣಿಸಿಕೊಂಡ ಶಸ್ತ್ರಾಗಾರದವನು ನನ್ನ ಮುಖ ನೋಡಲಿಲ್ಲ. ಗಸ್ತಿನಿಂದ ತೆಗೆದು ಮುದ್ದೆಮಾಲಿನ ಕೋಣೆಗೆ ಹಾಕಿದರು. ಜಪ್ತಿಯಾದ ಸಾಮಾನು ಇಡುವ ಕತ್ತಲೆ ಗೂಡು ಅದು. ಅಷ್ಟರಲ್ಲಿ ನನ್ನ ವೈರ್‌ಲೆಸ್ ಮಾತನ್ನು ಯಾರೋ ಪುಣ್ಯಾತ್ಮರು ರೆಕಾರ್ಡ್ ಮಾಡಿ ಹರಿಬಿಟ್ಟಿದ್ದರು. ನಡುವೆ ಹಾಡು ಬೇರೆ ಸೇರಿಸಿದ್ದರು. "ಮಮ್ಮಿ, ಆಪ್ ಹಮಾರೆ ಕ್ಲಾಸ್ ಕೇ ಗ್ರೂಪ್ ಪೇ ಆ ಗಯೇ" ಎಂದು, ಅವಳ ಕ್ಲಾಸಿನ ಗ್ರೂಪಿಗೂ ನಾನು ಬಂದಿದ್ದೇನೆಂದು, ಮಗಳು ಬಂದು ಹೇಳಿದಳು. ಬದಲಾಪುರದಿಂದ ಥಾಣೆ ಶಹರದವರೆಗೆ ನನ್ನ ಹೆಸರು ತಬಕಡಿ ಮ್ಯಾಡಮ್ ಆಯಿತು. ಚಹಾ ತರುವವನು ತಟ್ಟೆ ಇಟ್ಟರೆ ಸಾಕು, ಪಕ್ಕದ ಟೇಬಲ್‌ನವರು ಕಿಸಿಕಿಸಿ ನಗುತ್ತಿದ್ದರು. ಥೂ, ಇವರಿಗೆ ಖಾಕಿ ಕೊಟ್ಟವರಾರು ಎನಿಸುತ್ತಿತ್ತು.

ಕಾಕಾ ಸಾಕ್ಷಿ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹಿತ್ತಲ ಕಡೆ ಗಾಡಿ ತೊಳೆಯುತ್ತಿದ್ದರು.

"ಕಾಕಾ, ನಿಮ್ಮ ಹೇಳಿಕಿ ತಗೊಂಡ್ರಂತಲ್ಲ?"

"ತಗೊಂಡ್ರಿ." ಪೈಪ್ ಕೆಳಗಿಟ್ಟರು, ನನ್ನತ್ತ ತಿರುಗಲಿಲ್ಲ. "ನಾ ಏನೂ ನೋಡಿಲ್ಲ ಅಂತ ಬರದು ಕೊಟ್ಟೀನ್ರಿ. ಸ್ಟೇರಿಂಗ್ ಕಡೆ ಲಕ್ಷ್ಯ ಇತ್ತು ಅಂದೆ."

"ಗಾಡಿ ನಿಂತಿತ್ತಲ್ರಿ! ಯಾವ ಸ್ಟೇರಿಂಗ್? ಮ್ಯಾಲ ನೋಡ್ರಿ ಅಂದಾವ್ರು ಯಾರು?"

"ರಿಟೈರ್ ಆಗೋದು ಹತ್ರ ಬಂತು, ಯವ್ವಾ. ಈ ವಯಸ್ಸಿನ್ಯಾಗ ನನ್ನ ಬಾಯಾಗ ನಳಿಗಿ ಇಟ್ಟು ಊದಂದ್ರ ನಾ ಹೆಂಗ ತಡಕೊಳ್ಳಲಿ? ನಿಮಗ ಮಾಡಿದ್ದು ನೋಡಿ ನನ್ನ ಕೈಕಾಲು ತಣ್ಣಗ ಆದವು."

ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟೆ.

ಆಮೇಲೆ ಸಾಹೇಬರು, ಅಂದರೆ ನಮ್ಮ ಠಾಣೆಯ ಹಿರಿಯ ಇನ್ಸ್‌ಪೆಕ್ಟರ್, ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಮುಂದೆ ಟೈಪ್ ಮಾಡಿದ ಒಂದು ಹಾಳೆ ಇತ್ತು. ಕಂಡದ್ದು ಡ್ರೋನ್, ಆಯಾಸದಿಂದ ಗುರುತಿಸುವಲ್ಲಿ ತಪ್ಪಾಯಿತು ಎಂದು ಅದರಲ್ಲಿ ಬರೆದಿತ್ತು.

"ಸಹಿ ಹಾಕಿ. ನಾಳೆಯೇ ಗಸ್ತಿಗೆ ಹಾಕುತ್ತೇನೆ, ಪಿಸ್ತೂಲು ವಾಪಸ್ಸು."

"ಸರ್, ಅದು ಡ್ರೋನ್ ಅಲ್ಲ."

"ನನಗೆ ಗೊತ್ತಿಲ್ಲವೇ?" ಎಂದು ದನಿ ಇಳಿಸಿದರು. "ನಾನೂ ಹೊಸದಾಗಿ ಸೇರಿದಾಗ ಒಮ್ಮೆ ಏನೋ ಕಂಡಿದ್ದೆ. ಬಾಯಿ ಬಿಡಲಿಲ್ಲ. ಅದಕ್ಕೇ ಇವತ್ತು ಈ ಕುರ್ಚಿಯಲ್ಲಿದ್ದೇನೆ."

ಇದನ್ನು ಅವರು ಹೆಮ್ಮೆಯಿಂದ ಹೇಳಿದರು! ನಗುವವರ ಮೇಲೆ ನನಗೆ ಬಂದ ಸಿಟ್ಟು ಒಂದು ತೂಕವಾದರೆ, ಕಂಡೂ ಬಾಯಿ ಮುಚ್ಚಿಕೊಂಡು ಮೇಲಕ್ಕೇರಿ, ಕಂಡವರನ್ನು ಕುಡುಕರ ಬೆಂಚಿಗೆ ಕಳಿಸುವ ಇವರ ಮೇಲೆ ಬಂದದ್ದು ಹತ್ತು ತೂಕ. ಯೋಚಿಸುತ್ತೇನೆ ಎಂದು ಹಾಳೆ ತೆಗೆದುಕೊಂಡು ಹೊರಬಂದೆ.

ಅಡುಗೆಯವನ ಕೇಸಿನ ಸರ್ಕಾರಿ ವಕೀಲರೂ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಆದರೆ ಅಂದು ಅವರಿಗೂ ಬೆವರಿಳಿದಿತ್ತು. ಬಿಲ್ಡರ್ ಕಡೆಯ ವಕೀಲರ ಕೈಗೆ ಆ ರೆಕಾರ್ಡಿಂಗ್ ಸೇರಿದೆಯಂತೆ. "ತಾರೀಖಿಗೆ ಮೊದಲು ಡ್ರೋನ್ ಅಂತ ಬರೆದುಕೊಟ್ಟುಬಿಡಿ ಮ್ಯಾಡಮ್. ಹಾರುವ ತಟ್ಟೆ ಕಂಡ ಸಾಕ್ಷಿಯನ್ನು ಯಾವ ಜಡ್ಜ್ ನಂಬುತ್ತಾರೆ?" ಎಂದರು.

ಮುದ್ದೆಮಾಲಿನ ಕೋಣೆಯಲ್ಲಿ ಕೂತು ಪೆನ್ನು ತೆಗೆದೆ. ಸುಳ್ಳು ಹೇಳುವುದಿಲ್ಲ, ಸಹಿ ಹಾಕಲೆಂದೇ ತೆಗೆದೆ. ಮಗಳು ಶಾಲೆಗೆ ಹೋಗುವುದಿಲ್ಲ ಎಂದು ಹಟ ಮಾಡುತ್ತಿದ್ದಳು. ನನಗೂ ಸಾಕುಸಾಕಾಗಿತ್ತು. ಆದರೆ ನನ್ನನ್ನು ಶಿಕ್ಷೆಗೆಂದು ಕೂರಿಸಿದ ಕೋಣೆಯಲ್ಲಿಯೇ, ನನ್ನ ಮೇಜಿನ ಎದುರಿಗೇ, ಆ ಅಡುಗೆಯವನ ಸೈಕಲ್ ಇತ್ತು. ಮುಂದಿನ ಚಕ್ರ ಮಡಚಿಹೋಗಿತ್ತು, ಹ್ಯಾಂಡಲ್‌ಗೆ ಕೇಸಿನ ಚೀಟಿ ಕಟ್ಟಿತ್ತು.

ಅಷ್ಟರಲ್ಲಿ ಅವನ ಹೆಂಡತಿ ಬಂದಳು. ಆಗಾಗ ಬರುತ್ತಿದ್ದಳು. ಡೊಂಬಿವಲಿಯಲ್ಲಿ ಒಂದು ಮೆಸ್‌ನಲ್ಲಿ ಚಪಾತಿ ಲಟ್ಟಿಸುವ ಕೆಲಸ ಹಿಡಿದಿದ್ದಳು. ಸೈಕಲ್ ಯಾವಾಗ ಕೊಡುತ್ತೀರಿ ಎಂದು ಕೇಳುವಳು, ಕೇಸು ಮುಗಿದ ಮೇಲೆ ಎಂದು ನಾನು ಹೇಳುವೆ. ಅಂದು ಅದನ್ನು ಕೇಳಲಿಲ್ಲ.

"ಮೇಡಮ್, ಮೆಸ್ಸಲ್ಲಿ ಎಲ್ರೂ ಮೊಬೈಲಲ್ಲಿ ನಿಮ್ದ್ ಕೇಂಡ್ ನೆಗಾಡ್ತಿದ್ರ್. ನೀವ್ ಕಂಡದ್ದ್ ಹೌದಾ?"

"ಹೌದ್ರಿ ಅಕ್ಕಾರ. ಕಂಡದ್ದು ಖರೆ. ಅದು ಅಲ್ಲ, ಡ್ರೋನ್ ಅಂತ ಈ ಹಾಳಿಗೆ ಸಹಿ ಹಾಕ್ರಿ ಅಂತಾರ."

"ಮತ್ತೆ ಎಂತಕ್ಕೆ ಅಲ್ಲ ಅಂಬುಕೆ ಹೇಳ್ತ್ರ್ ಅವ್ರ್?" ಮೇಜಿನ ಮೇಲಿನ ಹಾಳೆ ಮರಾಠಿಯಲ್ಲಿತ್ತು, ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಅದನ್ನೇ ನೋಡುತ್ತಿದ್ದಳು. "ಇವತ್ ಅದ್ ಅಲ್ಲ ಅಂದ್ರೆ, ನಾಳೆ ಕಾರಿನ್ ಹುಡ್ಗನೂ ಅವ ಅಲ್ಲ ಅಂಬುಕೆ ಹೇಳುದಿಲ್ಯಾ?"

ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆ ಹಾಳೆಗೆ ಸಹಿ ಹಾಕಿದರೆ ನಾನು ಹುಚ್ಚಿಯಲ್ಲ ಎಂದಾಗುತ್ತದೆ, ನಿಜ. ಜೊತೆಗೆ, ನನಗೆ ಕಣ್ಣೆದುರೇ ಕಂಡದ್ದೂ ತಪ್ಪಾಗಿ ಕಾಣುತ್ತದೆ ಎಂದು ನಾನೇ ಬರೆದುಕೊಟ್ಟಂತೆ ಆಗುತ್ತದೆ. ಬಿಲ್ಡರ್‌ನ ವಕೀಲರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಕೇ? ಹಾಳೆಯನ್ನು ಹರಿಯಲಿಲ್ಲ, ಸಹಿ ಇಲ್ಲದೆ ಹಾಗೇ ಒಯ್ದು ಸಾಹೇಬರ ಮೇಜಿನ ಮೇಲಿಟ್ಟು ಸಲ್ಯೂಟ್ ಹೊಡೆದು ಬಂದೆ.

ಕೋರ್ಟಿನ ದಿನ ಸೈಕಲ್ ಗುರುತಿಸಲು ಹಾಜರುಪಡಿಸಬೇಕಿತ್ತು. ಅದನ್ನು ಬೊಲೆರೋದ ಹಿಂಭಾಗಕ್ಕೆ ಹಾಕಿಕೊಂಡು ಕಲ್ಯಾಣಕ್ಕೆ ಹೊರಟೆ. ಗಾಡಿ ಓಡಿಸಿದ್ದು ಕಾಕಾ.

ಬಿಲ್ಡರ್ ಕಡೆಯ ವಕೀಲರು ಕಾರಿನ ವಿಷಯಕ್ಕೆ ಬರಲೇ ಇಲ್ಲ. ಎದ್ದವರೇ ಕೇಳಿದರು: "ನೀವು ಆಕಾಶದಲ್ಲಿ ಹಾರುವ ತಟ್ಟೆ ಕಂಡಿದ್ದೀರಿ, ಹೌದೋ ಅಲ್ಲವೋ?"

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು.

"ತಟ್ಟೆ ಅಂದವರು ಬೇರೆಯವರು. ನಾನು ಅಂದದ್ದು ಗುರುತು ಸಿಗದ ವಸ್ತು."

"ಅಂದರೆ ಕಂಡದ್ದು ಏನು ಅಂತ ನಿಮಗೇ ಗೊತ್ತಿಲ್ಲ."

"ಅದು ಏನು ಅಂತ ಗೊತ್ತಿಲ್ಲ. ಅಲ್ಲಿತ್ತು ಅಂತ ಗೊತ್ತು. ಕಾರಿನ ವಿಷಯದಲ್ಲಿ ಎರಡೂ ಗೊತ್ತು. ಒಬ್ಬ ಇಳಿದ, ಇಳಿದವನು ಈ ಹುಡುಗ."

"ಆಕಾಶದಲ್ಲಿ ಕಂಡದ್ದು ಡ್ರೋನ್ ಇರಬಹುದಲ್ಲ?"

"ಡ್ರೋನ್ ಅಂತ ಬರೆದುಕೊಟ್ಟರೆ ನನ್ನ ಪಿಸ್ತೂಲು ವಾಪಸ್ಸು ಸಿಗುತ್ತಿತ್ತು. ಕೊಡಲಿಲ್ಲ. ಕಾಣದ್ದನ್ನು ಕಂಡೆ ಅನ್ನುವ ಚಾಳಿ ನನಗಿದ್ದರೆ ಇಷ್ಟು ಹೊತ್ತಿಗೆ ಅಂದುಬಿಡುತ್ತಿದ್ದೆ."

ಜಡ್ಜ್ ಮೇಡಮ್ ತಲೆ ಎತ್ತಿ ನೋಡಿ, "ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ" ಎಂದರು ಟೈಪ್ ಮಾಡುವವರಿಗೆ. ಸರ್ಕಾರಿ ವಕೀಲರ ಮುಖ ಸ್ವಲ್ಪ ಅರಳಿತು. ಆಗ ಎದುರಿನವರು ಒಂದು ಹಾಳೆ ಎತ್ತಿ ತೋರಿಸಿದರು. "ಅದೇ ಗಾಡಿಯಲ್ಲಿದ್ದ ಡ್ರೈವರ್ ಹವಾಲ್ದಾರ್ ಏನೂ ಕಂಡಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಇಬ್ಬರಲ್ಲಿ ಯಾರು ಸುಳ್ಳು, ಮ್ಯಾಡಮ್?"

"ಮೊದಲು ಕಂಡದ್ದೇ ಅವರು" ಎಂದೆ. ವಕೀಲರು ಹಾಳೆಯನ್ನು ಮೆಲ್ಲಗೆ ಮಡಚಿ ಕೂತರು. ನನ್ನ ಮಾತು ಗಾಳಿಗೆ ಹೋಯಿತು. ಮುಂದಿನ ತಾರೀಖು ಕೊಟ್ಟರು.

ಬಾಗಿಲ ಹೊರಗೆ ಕಾಕಾ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅಡುಗೆಯವನ ಹೆಂಡತಿ ಸೀದಾ ಅವರ ಮುಂದೆ ಹೋಗಿ ನಿಂತಳು.

"ಅಣ್ಣ, ನೀವ್ ಕಂಡಿದ್ರ್ಯಾ ಇಲ್ಯಾ? ದೇವ್ರಾಣಿ ಹೇಳಿ."

ಕಾಕಾ ಟೊಪ್ಪಿಗೆ ತೆಗೆದರು. "ನೋಡೀನಿ, ತಂಗಿ."

ನನಗೆ ತಡೆಯಲಾಗಲಿಲ್ಲ. "ಇಲ್ಲ್ಯಾಕ ಹೇಳ್ತೀರಿ? ಕಾರಿಡಾರಿನ್ಯಾಗ ಪಿಸುಗುಟ್ಟಿದ್ರ ಯಾರಿಗೆ ಬಂತು? ಎಲ್ಲಾರೂ ನನ್ನ ಕಿವ್ಯಾಗಽ ಬಂದು ಹೇಳ್ರಿ, ಹೊರಗ ಮಾತ್ರ ನಾ ಒಬ್ಬಾಕಿನಽ ಹುಚ್ಚಿ!" ಕಾರಿಡಾರಿನ ಜನ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

"ಪೆನ್ಶನ್..." ಎಂದರು ಕಾಕಾ.

"ನಿಮ್ಗ್ ಪೆನ್ಶನ್ ಬತ್ತ್" ಎಂದಳು ಆಕೆ. "ನಮ್ಮನಿಯವ್ರ್ ಬತ್ರಾ?"

ಅವಳಿಗೆ ರೈಲು ಹಿಡಿಯಬೇಕಿತ್ತು. ಸ್ಟೇಷನ್‌ವರೆಗೆ ಬಿಡುತ್ತೇನೆ ಎಂದು ಹಿಂದೆ ಕೂರಿಸಿದೆ. ಸೈಕಲ್‌ನ ಪಕ್ಕದಲ್ಲಿ ಕೂತು ಹ್ಯಾಂಡಲ್ ಹಿಡಿದುಕೊಂಡಳು. ಕಾಕಾ ಗಾಡಿ ಚಾಲೂ ಮಾಡಿದರು. ಕೋರ್ಟಿನ ಗೇಟು ದಾಟುವ ಮೊದಲೇ ಬ್ರೇಕ್ ಹಾಕಿ, ನನ್ನ ಮುಂದಿನಿಂದ ಕೈ ಚಾಚಿ ಮೈಕ್ ತೆಗೆದುಕೊಂಡರು.

"ಕಂಟ್ರೋಲ್," ಎಂದು ಮರಾಠಿಯಲ್ಲಿ ಶುರುಮಾಡಿ, ತಮ್ಮ ಪೊಲೀಸ್ ಬಿಲ್ಲೆಯ ನಂಬರು ಹೇಳಿದರು. "ಆ ದಿನ ಮಹಾಪೆ ಏರಿನಲ್ಲಿ ಟವರ್ ಮೇಲೆ ನಾನೂ ನೋಡಿದ್ದೆ. ಮೊದಲು ನೋಡಿದ್ದು ನಾನೇ. ಡ್ರೋನ್ ಆಗಿರಲಿಲ್ಲ. ನನ್ನ ಹೇಳಿಕೆ ಸುಳ್ಳು."

ಠಾಣೆಗಳಲ್ಲಿ, ಗಾಡಿಗಳಲ್ಲಿ, ನಾಕಾಗಳಲ್ಲಿ ಎಲ್ಲರಿಗೂ ಅದು ಕೇಳಿಸಿತು. ಅಲ್ಲಿ ಆಡಿದ ಮಾತು ರೆಕಾರ್ಡ್ ಆಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಆಪರೇಟರ್ ಇನ್ನೊಮ್ಮೆ ಹೇಳಿ ಎಂದ. ಕಾಕಾ ಅಕ್ಷರವೂ ಬದಲಿಸದೆ ಇನ್ನೊಮ್ಮೆ ಹೇಳಿದರು. ಈ ಸಲ ಯಾರೂ ನಗಲಿಲ್ಲ. ನಾನು ಕೂಡಲೇ ಸರ್ಕಾರಿ ವಕೀಲರಿಗೆ ಫೋನ್ ಮಾಡಿದೆ. "ಅವರನ್ನು ಸಾಕ್ಷಿಗೆ ಕರೆಸಲು ಇವತ್ತೇ ಅರ್ಜಿ ಹಾಕುತ್ತೇನೆ, ಅವರನ್ನು ಬಿಡಬೇಡಿ" ಎಂದು ಅವರು ಕೂಗಿಕೊಂಡರು.

ಫೋನ್ ಇಡುವಷ್ಟರಲ್ಲಿ ವೈರ್‌ಲೆಸ್‌ನಲ್ಲಿ ಬೇರೆ ದನಿ ಬಂತು. ಡ್ಯೂಟಿ ಆಫೀಸರ್‌ನದು. ಗಾಡಿ ಅಲ್ಲೇ ನಿಲ್ಲಿಸಿ. ಡ್ರೈವರ್ ಓಡಿಸಬಾರದು. ಸಿವಿಲ್‌ಗೆ ಒಯ್ದು ಮೆಡಿಕಲ್ ಮಾಡಿಸಿ.

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ಬಂತು. ಕಾಕಾಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ, ತಡ ಮಾಡಿದ್ದರು. "ಇಳೀರಿ ಕಾಕಾ, ಈ ಕಡೆ ಬರ್ರಿ. ಊದೂಮುಂದ ನಾ ಬಾಜೂಕಽ ನಿಂದರತೀನಿ" ಎಂದೆ. ಅವರು ಇಳಿದು ಸುತ್ತಿ ಬಂದು ನನ್ನ ಸೀಟಿನಲ್ಲಿ ಕೂತರು. ನಾನು ಅವರ ಸೀಟಿಗೆ ಹೋಗಿ ಸ್ಟೇರಿಂಗ್ ಹಿಡಿದೆ.

ಹಿಂದಿನಿಂದ ಆಕೆ ಎಲ್ಲ ನೋಡುತ್ತಿದ್ದಳು.

"ಯಾರ್ ಇಳ್ದ್ರ್, ಯಾರ್ ಕೂತ್ರ್ ಅಂದೇಳಿ ನಾ ಕಂಡಿದೆ ಮೇಡಮ್" ಎಂದಳು. "ಯಾರ್ ಕೇಂಡ್ರೂ ಹೇಳ್ತೆ. ಅದ್ರಲ್ಲಿ ಹೆದ್ರುಕೆ ಎಂತ ಇತ್ತ್?"

ಕಾಕಾ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ನಾನು ಗಾಡಿಯನ್ನು ಆಸ್ಪತ್ರೆಯ ಕಡೆ ತಿರುಗಿಸಿದೆ.